ಹಡಗಿನಲ್ಲಿ ಯಾರಿದ್ದಾರೆ?

1989ರ ಒಂದು ಟೆಸ್ಟ್ ಪೇಪರ್ ಇನ್ನೂ ನನ್ನ ಹತ್ತಿರ ಇದೆ. 20ಕ್ಕೆ 11. ಸತ್ತ ಮೇಲೂ ಬದುಕು ಇದೆ ಎಂದು ನಂಬಲು ಸಾಕ್ಷ್ಯ ಬೇಕೇ ಅನ್ನುವುದು ಪ್ರಶ್ನೆ. ನಾನು ನಾಲ್ಕು ಪುಟ ತುಂಬಿಸಿದ್ದೆ. ಮೇಷ್ಟ್ರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು ಎರಡೇ ಪದ: 'ಹಡಗಿನಲ್ಲಿ ಯಾರಿದ್ದಾರೆ?'

ಹಿರಿಯಣ್ಣನವರು, ರಾಧಾಕೃಷ್ಣನ್ ಪಾಠ ಮಾಡಿದ ಮಹಾರಾಜ ಕಾಲೇಜು ಅಂತ ಹೆಮ್ಮೆಯಿಂದ ತತ್ವಶಾಸ್ತ್ರ ಆರಿಸಿಕೊಂಡವನಲ್ಲ ನಾನು. ಬೇರೆ ಕಾಂಬಿನೇಷನ್ ಸಿಗಲಿಲ್ಲ, ಅಷ್ಟೇ. ಆದರೆ ಮೊದಲ ತಿಂಗಳಲ್ಲೇ ಕ್ಲಿಫರ್ಡ್ ಸಿಕ್ಕಿಬಿಟ್ಟ. ಲಂಡನ್ನಿನ ಗಣಿತದ ಪ್ರೊಫೆಸರ್. 1877ರಲ್ಲಿ ಅವನು ಬರೆದ ಪ್ರಬಂಧದಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದು. ರಿಪೇರಿ ಮಾಡಿಸಬೇಕೇನೋ ಅನ್ನುವ ಅನುಮಾನ ಅವನಿಗೇ ಇರುತ್ತದೆ. ಆದರೂ ಇಷ್ಟು ಸಲ ಹೋಗಿ ಬಂದಿದೆ, ದೇವರಿದ್ದಾನೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಇವನು ಇನ್ಶೂರೆನ್ಸ್ ದುಡ್ಡು ತೆಗೆದುಕೊಂಡು ಸುಮ್ಮನಿರುತ್ತಾನೆ. ಹಡಗು ಮುಳುಗದೆ ದಡ ಸೇರಿದ್ದರೂ ಅವನ ತಪ್ಪು ತಪ್ಪೇ, ಯಾಕೆಂದರೆ ಸಾಕಷ್ಟು ಸಾಕ್ಷ್ಯವಿಲ್ಲದೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಅನ್ನುತ್ತಾನೆ ಕ್ಲಿಫರ್ಡ್. ಹತ್ತೊಂಬತ್ತು ವರ್ಷದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ದೊಣ್ಣೆ ಸಿಗುತ್ತದೆಯೇ?

ದೊಣ್ಣೆ ಬೀಸಿದ್ದು ಮದ್ದೂರು ಕಡೆಯ ನಮ್ಮೂರಿನಲ್ಲಿ, ಮಹಾಲಯ ಅಮಾವಾಸ್ಯೆಯ ದಿನ, ಅಜ್ಜಿಯ ಮೇಲೆ. ತಾತನಿಗೆ ಎಡೆ ಇಡುತ್ತಿದ್ದಳು. ಮುದ್ದೆ, ಬಾಡಿನ ಸಾರು, ವಡೆ, ಹೊಸ ಪಂಚೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ನಾನು ಆಗ ತಾನೇ, ಪರಲೋಕವನ್ನು ಒಪ್ಪದ ಚಾರ್ವಾಕರನ್ನೂ ಓದಿದ್ದೆ. ವಿಜಯನಗರದ ಕಾಲದಲ್ಲಿ ಮಾಧವಾಚಾರ್ಯರು ಬರೆದ 'ಸರ್ವದರ್ಶನಸಂಗ್ರಹ'ದ ಮೊದಲ ಅಧ್ಯಾಯವೇ ಅವರದು. ಇಲ್ಲಿ ಬಡಿಸಿದ್ದು ಸತ್ತವರಿಗೆ ತಲುಪುವುದಾದರೆ, ಊರಿಗೆ ಹೊರಟವರಿಗೆ ಬುತ್ತಿ ಯಾಕೆ ಕಟ್ಟಬೇಕು, ಮನೆಯಲ್ಲೇ ಬಡಿಸಿದರೆ ಸಾಕಲ್ಲ ಅಂತ ಅವರು ಕೇಳುತ್ತಾರೆ. ಅದನ್ನೇ ಅಜ್ಜಿಗೆ ಕೇಳಿದೆ.

ಅಜ್ಜಿ ವಡೆ ಜೋಡಿಸುತ್ತಲೇ ಅಂದಳು: "ಹೊರಟವ್ರನ್ನ ಬುತ್ತಿ ಕಟ್ಟದೆ ಕಳ್ಸಕೆ ಆಯ್ತದಾ ಮಗ?"

ಸೋಮವಾರ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ಇದನ್ನು ಮೇಷ್ಟ್ರಿಗೆ ಹೇಳಿದೆ, ಅಜ್ಜಿ ಸೋತಳು ಅನ್ನುವ ಧಾಟಿಯಲ್ಲಿ. ಅವರು ನಿಂತುಬಿಟ್ಟರು. "ಅಲ್ಲ ಕಣಯ್ಯಾ, ಅವರು ನಿನ್ನ ಪ್ರಶ್ನೆಗೆ ಉತ್ತರಾನೇ ಕೊಟ್ಟಿಲ್ಲ. ಸೋಲೋದು ಎಲ್ಲಿಂದ ಬಂತು?" ಆಮೇಲೆ ನಗುತ್ತಾ ಕಠೋಪನಿಷತ್ತಿಗೆ ಹೋದರು. ಹುಡುಗ ನಚಿಕೇತ ಯಮನ ಹತ್ತಿರ ಕೇಳುವ ಮೂರನೇ ವರ ಶುರುವಾಗುವುದೇ ಅನುಮಾನದಿಂದ: ಸತ್ತವನು ಇದ್ದಾನೆ ಅನ್ನುವವರಿದ್ದಾರೆ, ಇಲ್ಲ ಅನ್ನುವವರೂ ಇದ್ದಾರೆ, ನಿಜ ಹೇಳು. ಯಮ ದನಕರು, ಚಿನ್ನ ಎಲ್ಲ ಕೊಡುತ್ತೇನೆ, ಇದೊಂದು ಬಿಡು ಅನ್ನುತ್ತಾನೆ. ಅವನೇ ಹಿಂಜರಿದ ವಿಷಯಕ್ಕೆ ನೀನು ನಾಲ್ಕು ಪುಟದಲ್ಲಿ ತೀರ್ಪು ಕೊಟ್ಟಿದ್ದೀಯಲ್ಲ ಅಂತ ರೇಗಿಸಿದರು.

ಕ್ಲಿಫರ್ಡ್‌ಗೆ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ಕೊಟ್ಟ ಉತ್ತರವನ್ನು ಮೇಷ್ಟ್ರು ಮೂರು ಕ್ಲಾಸ್ ಮಾಡಿದರು. ಬುದ್ಧಿಯಿಂದ ತೀರ್ಮಾನ ಆಗದ, ಮುಂದಕ್ಕೂ ಹಾಕಲಾಗದ, ಬದುಕಿಗೆ ದೊಡ್ಡದಾದ ಆಯ್ಕೆ ಎದುರಾದಾಗ ಮನಸ್ಸಿನ ಒಲವಿನಂತೆ ನಂಬುವ ಹಕ್ಕು ಮನುಷ್ಯನಿಗಿದೆ ಅನ್ನುತ್ತಾನೆ ಜೇಮ್ಸ್. ದೇವರಿದ್ದರೆ ನಂಬಿದವನಿಗೆ ದೊಡ್ಡ ಲಾಭ, ಇಲ್ಲದಿದ್ದರೆ ಹೆಚ್ಚೇನೂ ನಷ್ಟವಿಲ್ಲ, ಹಾಗಾಗಿ ನಂಬುವುದೇ ಜಾಣತನ ಅನ್ನುವ ಪ್ಯಾಸ್ಕಲ್‌ನ ಪಣ ಅರ್ಧ ಗಂಟೆಯಲ್ಲಿ ಮುಗಿಯಿತು. ಲಾಭ ನೋಡಿ ನಂಬುವುದು ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಇಲ್ಲ. ಸಾಕ್ಷ್ಯ ಹುಡುಕಿ ಹೊರಟವರೂ ಇದ್ದಾರೆ. ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್ಸನ್ ಹಿಂದಿನ ಜನ್ಮ ನೆನಪಿದೆ ಅನ್ನುವ ಮಕ್ಕಳ ಮಾತನ್ನು ದಶಕಗಟ್ಟಲೆ ದಾಖಲಿಸಿದರು. ನಮ್ಮ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಕೂಡ ಅವರ ಜೊತೆ ಕೆಲಸ ಮಾಡಿದ್ದಾರೆ. ಶ್ರಮಕ್ಕೆ ಕೈ ಮುಗಿಯಬೇಕು. ಆದರೆ ಎಷ್ಟೋ ಕಡೆ ಸಂಶೋಧಕರು ಹೋಗುವ ಹೊತ್ತಿಗೆ ಮಗುವಿನ ಮನೆಯವರೂ, ಅದು ಹಿಂದಿನ ಜನ್ಮದ್ದು ಅನ್ನುವ ಮನೆಯವರೂ ಕೂತು ಮಾತಾಡಿ ಆಗಿರುತ್ತದೆ. ಮಗು ಹೇಳಿದ್ದೆಷ್ಟು, ದೊಡ್ಡವರು ಸೇರಿಸಿದ್ದೆಷ್ಟು ಅಂತ ಬಿಡಿಸುವುದು ಹೇಗೆ?

ನನಗೆ ಜಾಸ್ತಿ ಕಷ್ಟ ಕೊಟ್ಟಿದ್ದು ಪುಸ್ತಕವಲ್ಲ. ಕೊನೆಯ ಎರಡು ವರ್ಷ ಅಜ್ಜಿಗೆ ಮರೆವಿನ ಕಾಯಿಲೆ. ಮೊದಲು ನನ್ನ ಹೆಸರು ಹೋಯಿತು, ಆಮೇಲೆ ಅಪ್ಪನದು, ಕೊನೆಗೆ ತಾತನದೂ. ಮಿದುಳು ಸ್ವಲ್ಪ ಹಾಳಾದರೇ ಇಷ್ಟು ನೆನಪು ಹೋಗುವುದಾದರೆ, ಪೂರ್ತಿ ಬೂದಿಯಾದ ಮೇಲೆ ಉಳಿಯುವುದೇನು? ಸಾಕ್ಷ್ಯ ಇಲ್ಲ ಅನ್ನುವುದು ಒಂದು ಮಾತು. ಸಾಕ್ಷ್ಯ ಏನೂ ಉಳಿಯುವುದಿಲ್ಲ ಅನ್ನುವ ಕಡೆಗೇ ವಾಲುತ್ತಿದೆ ಅನ್ನುವುದು ಇನ್ನೊಂದು. ಇದನ್ನು ಮೇಷ್ಟ್ರಿಗೆ ಕಾಗದ ಬರೆದೆ. ಮಿದುಳು ಬೆಳಕನ್ನು ಹುಟ್ಟಿಸುವ ದೀಪ ಆಗಿರಬೇಕಾಗಿಲ್ಲ, ಬೆಳಕು ದಾಟಿ ಬರುವ ಬಣ್ಣದ ಗಾಜೂ ಆಗಿರಬಹುದು ಅಂತ ಜೇಮ್ಸ್ ಇನ್ನೊಂದು ಉಪನ್ಯಾಸದಲ್ಲಿ ಹೇಳಿದ್ದಾನೆ ಎಂದು ಉತ್ತರ ಬಂತು. ಕೆಳಗೆ ಒಂದು ಸಾಲು: 'ಹಾಗಿರಬಹುದು ಎಂದ ಮಾತ್ರಕ್ಕೆ ಹಾಗಿದೆ ಅಂತ ಆಗುವುದಿಲ್ಲ. ಅಜ್ಜಿಯನ್ನು ಚೆನ್ನಾಗಿ ನೋಡಿಕೋ.'

ಪಶ್ಚಿಮವಾಹಿನಿಯಲ್ಲಿ ಅಜ್ಜಿಯ ಅಸ್ಥಿ ಬಿಟ್ಟಾಗ ನನಗೆ ಯಾವ ದರ್ಶನವೂ ಆಗಲಿಲ್ಲ. ನೀರು ತಣ್ಣಗಿತ್ತು.

ಆ ಎರಡು ಪದ ಅರ್ಥವಾಗಿದ್ದು ಬಹಳ ತಡವಾಗಿ, ನಾನು ಬಾಡಿಗೆಗಿದ್ದ ಬೀದಿಯಲ್ಲಿ. ಹುಟ್ಟಿದಾಗಿನಿಂದ ನಡೆಯಲಾಗದ ಒಂದು ಮಗು. ಹೋದ ಜನ್ಮದ ಕರ್ಮ, ಅನುಭವಿಸಲೇಬೇಕು ಅಂತ ಮನೆಯ ಹಿರಿಯರು ವರ್ಷಗಟ್ಟಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಅದೂ ಸಾಕ್ಷ್ಯವಿಲ್ಲದ ನಂಬಿಕೆಯೇ, ಅಜ್ಜಿಯದೂ ಅದೇ. ಆದರೆ ಆ ಹಡಗಿನಲ್ಲಿ ಕೂತಿದ್ದು ಮಗು. ಅಜ್ಜಿಯ ಹಡಗಿನಲ್ಲಿ ಇದ್ದದ್ದು ನಾಲ್ಕು ವಡೆ, ಒಂದು ಕಟ್ಟು ಬೀಡಿ. ಪರಲೋಕ ಇದೆ ಅಂತ ಆಸೆಪಡುವವರ ಜೊತೆ ನನಗೆ ಜಗಳವಿಲ್ಲ. ಇದೆ ಅಂತ ಗೊತ್ತು ಅನ್ನುವವರ ಜೊತೆ ಇದೆ. ಆ ಗೊತ್ತಿನ ಬೆಲೆಯನ್ನು ಬೇರೆಯವರ ಕೈಲಿ ಕೊಡಿಸುವವರ ಜೊತೆಯಂತೂ ಖಂಡಿತ ಇದೆ. ಇದನ್ನು ಬರೆದಿದ್ದರೆ 20ಕ್ಕೆ 14 ಆದರೂ ಸಿಗುತ್ತಿತ್ತೇನೋ.

ಮೇಷ್ಟ್ರು ಈಗಿಲ್ಲ. ಹೀಗೆ ಬರೆದಿದ್ದನ್ನು ನೋಡಿದ್ದರೆ, 'ಇಲ್ಲ ಅಂದರೆ ಏನರ್ಥ, ಬಿಡಿಸಿ ಹೇಳು' ಅನ್ನುತ್ತಿದ್ದರು.

ಹೋದ ವರ್ಷದ ಮಹಾಲಯಕ್ಕೆ ಊರಿನಲ್ಲಿ ನಾನೇ ಎಡೆ ಇಟ್ಟೆ. ತಾತನಿಗೆ ಬೀಡಿ, ಅಜ್ಜಿಗೆ ಎಲೆ ಅಡಿಕೆ, ಕಡ್ಡಿಪುಡಿ. ಧೂಪ ಹಾಕಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಜಗುಲಿ ಮೇಲೆ ಕೂತೆವು. ಮಗಳು ಕೇಳಿದಳು, "ಅಪ್ಪ, ನೀನು ಇದನ್ನೆಲ್ಲ ನಂಬ್ತೀಯಾ?"

"ಇಲ್ಲಮ್ಮ."

"ಹಂಗಾದ್ರೆ ಬಾಗಿಲು ತೆಗೀಲಾ? ಹಸಿವಾಗ್ತಿದೆ."

"ಇರು," ಅಂದೆ, "ಇನ್ನೂ ಉಂಡಾಗಿರಲ್ಲ."