ಮೊದಲು ಇಳಿಯಲು ಕಲಿಯಿರಿ

ಕಂಬಿಗೆ ಜೋತು ಮೈಯನ್ನು ಮೇಲೆಳೆಯುವ ಪುಲ್-ಅಪ್ ಹೇಗೆ ಶುರು ಮಾಡುವುದು ಎಂದು ಕೇಳುವ ಗೆಳತಿಯರಿಗೆ ನಾನು ಹೇಳುವುದು ಇಷ್ಟೇ: ಮೇಲೆ ಹೋಗುವ ಯೋಚನೆ ಸದ್ಯಕ್ಕೆ ಬಿಡಿ, ಇಳಿಯುವುದನ್ನು ಕಲಿಯಿರಿ. ಉಡುಪಿಯ ಒಂದು ಆಫೀಸಿನಲ್ಲಿ ದಿನವಿಡೀ ಲೆಕ್ಕಪತ್ರದ ಮುಂದೆ ಕೂರುವ, ನಲವತ್ತು ದಾಟಿದ ನನ್ನ ಗಲ್ಲ ಕಂಬಿಯ ಮೇಲೆ ಬಂದದ್ದು ಆ ದಾರಿಯಿಂದಲೇ.

ಸ್ನಾಯು ಮುದುಡುತ್ತಾ ಎತ್ತುವ ಭಾರಕ್ಕಿಂತ, ಹಿಗ್ಗುತ್ತಾ ತಡೆದು ಇಳಿಸುವ ಭಾರ ಹೆಚ್ಚು. ಆದ್ದರಿಂದ ಒಂದು ಸಲವೂ ಮೇಲೇರಲಾಗದವರು ಕೂಡ ಸ್ಟೂಲ್ ಹತ್ತಿ, ಗಲ್ಲವನ್ನು ಕಂಬಿಯ ಮೇಲೆ ತಂದು, ಕಾಲು ಬಿಟ್ಟು ನಿಧಾನಕ್ಕೆ ಇಳಿಯಬಹುದು. ಜಿಮ್‌ನವರು ಇದಕ್ಕೆ ನೆಗೆಟಿವ್ ಅನ್ನುತ್ತಾರೆ. ಐದು ಸೆಕೆಂಡ್ ಹಿಡಿದು ಇಳಿದರೆ ಸಾಕು. ಮೂರೋ ನಾಲ್ಕೋ ಸಲ ಇಳಿದು, ಎರಡು ನಿಮಿಷ ಕೂತು, ಮತ್ತೊಂದು ಸೆಟ್. ಮೊಣಕೈ ಅರ್ಧ ಬಿಚ್ಚಿಕೊಳ್ಳುವ ಜಾಗದಲ್ಲಿ ಮೈ ದೊಪ್ಪನೆ ಜಾರಲು ನೋಡುತ್ತದೆ. ಅಲ್ಲೇ ತಡೆಯಬೇಕು. ಅಲ್ಲಿ ತಡೆದಷ್ಟೂ ಲಾಭ.

ನಮ್ಮ ಮನೆಯ ಹಿಂದೆ ಹಳೆಯ ಹಟ್ಟಿ ಇದೆ. ದನ ಇಲ್ಲದೆ ಬಹಳ ವರ್ಷವಾಯಿತು. ಅದರ ಎರಡು ಕಂಬಗಳ ನಡುವೆ ನನ್ನ ತಮ್ಮ ಕಬ್ಬಿಣದ ಜಿಐ ಪೈಪ್ ಕೂರಿಸಿ ಕೊಟ್ಟಿದ್ದಾನೆ. ಪೈಪ್ ತರುವವರಿಗೆ ಒಂದು ಮಾತು. ಒಂದಿಂಚು ಎಂದು ಅಂಗಡಿಯಲ್ಲಿ ಕೊಡುವ ಪೈಪಿನ ಹೊರ ಅಳತೆ 33 ಮಿ.ಮೀ. ಆಸುಪಾಸು ಇರುತ್ತದೆ, ಮುಕ್ಕಾಲಿಂಚಿನದ್ದು 27ರ ಹತ್ತಿರ. ನನ್ನಂಥ ಚಿಕ್ಕ ಕೈಗೆ ಮುಕ್ಕಾಲಿಂಚಿನದ್ದೇ ಸರಿ, ಬೆರಳು ಪೂರ್ತಿ ಸುತ್ತಿಕೊಳ್ಳುತ್ತದೆ. ಆದರೆ ಸಪೂರ ಪೈಪ್ ಬಾಗುತ್ತದೆ, ಹಾಗಾಗಿ ದಪ್ಪ ಗೋಡೆಯದ್ದನ್ನೇ ಕೇಳಿ ತನ್ನಿ, ಕಂಬಗಳ ನಡುವಿನ ಅಂತರವನ್ನೂ ಕಡಿಮೆ ಇಟ್ಟುಕೊಳ್ಳಿ. ಜೋತು ಬೀಳುವ ಮೊದಲು ಕಂಬವನ್ನು ಅಲುಗಾಡಿಸಿ ನೋಡಲೇಬೇಕು.

ಮಳೆಗಾಲದಲ್ಲಿ ಪೈಪೇ ಬೆವರುತ್ತದೆ. ಸೀಮೆಸುಣ್ಣದಂತಿರುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಸಿಗುತ್ತದೆ, ಅಂಗೈಗೆ ತಿಕ್ಕಿಕೊಂಡರೆ ಹಿಡಿತ ಬಿಗಿಯಾಗುತ್ತದೆ. ನಾನು ಮೊದಲು ಒಣ ಬೈರಾಸಿನಿಂದ ಪೈಪ್ ಒರೆಸಿ, ಆಮೇಲೆ ಪುಡಿ ಹಚ್ಚಿಕೊಳ್ಳುತ್ತೇನೆ. ಬೆರಳಿನ ಬುಡದಲ್ಲಿ ಚರ್ಮ ಗಟ್ಟಿಯಾಗಿ ಎದ್ದು ನಿಂತರೆ ಸ್ನಾನದ ಹೊತ್ತಿಗೆ ಕಲ್ಲಿನಿಂದ ತಿಕ್ಕಿ ಮಟ್ಟ ಮಾಡಿಕೊಳ್ಳಬೇಕು, ಇಲ್ಲವಾದರೆ ಅದೇ ಕಿತ್ತು ಬರುತ್ತದೆ.

ಇಳಿಯುವುದಕ್ಕೂ ಮೊದಲು ಇನ್ನೊಂದು ಮೆಟ್ಟಿಲಿದೆ, ಸುಮ್ಮನೆ ಜೋತು ಬೀಳುವುದು. ಹತ್ತು ಸೆಕೆಂಡಿನಿಂದ ಮೂವತ್ತಕ್ಕೆ ಬರಲಿ. ಆಮೇಲೆ ಮೊಣಕೈ ಮಡಚದೆ, ಹೆಗಲನ್ನು ಮಾತ್ರ ಕಿವಿಯಿಂದ ಕೆಳಗೆ ಎಳೆಯಬೇಕು. ಮೈ ಏರುವುದು ಒಂದೆರಡು ಇಂಚು ಅಷ್ಟೆ. ನೋಡುವವರಿಗೆ ಏನೂ ನಡೆದಂತೆ ಕಾಣುವುದಿಲ್ಲ. ಆದರೆ ಬೆನ್ನಿನ ಮೇಲಿನ ಆ ಎರಡು ಚಪ್ಪಟೆ ಎಲುಬುಗಳು ಮೊದಲು ಕೆಳಗೆ ಕೂರದಿದ್ದರೆ ಹೆಚ್ಚಿನ ಭಾರ ರಟ್ಟೆ ಮತ್ತು ಹೆಗಲ ಕೀಲಿನ ಮೇಲೆ ಬೀಳುತ್ತದೆ. ಬೆನ್ನು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡದ್ದು ನಮ್ಮ ಅತ್ತೆಯಲ್ಲಿ. ಮನೆಗೆ ಪಂಪ್ ಬಂದು ಎಷ್ಟು ಕಾಲವಾದರೂ ದೇವರ ಪೂಜೆಯ ನೀರನ್ನು ಅವರು ಬಾವಿಯಿಂದ ತಾವೇ ಸೇದುತ್ತಾರೆ. ಬದಿಯಲ್ಲಿ ನಿಂತು ನೋಡಬೇಕು. ಹಗ್ಗ ಹಿಡಿದ ಕೈ ಮೇಲಿದ್ದರೂ ಹೆಗಲು ಕಿವಿಗೆ ತಾಗುವುದಿಲ್ಲ. ಮೊದಲು ಹೆಗಲು ಇಳಿಯುತ್ತದೆ, ಆಮೇಲೆ ಮೊಣಕೈ ಪಕ್ಕೆಗೆ ಬರುತ್ತದೆ, ಅಷ್ಟರಲ್ಲಿ ಇನ್ನೊಂದು ಕೈ ಮೇಲೆ ಹೋಗಿರುತ್ತದೆ. ಖಾಲಿ ಕೊಡಪಾನ ಇಳಿಸುವಾಗಲೂ ಹಗ್ಗವನ್ನು ಸುರ್ರನೆ ಬಿಡುವುದಿಲ್ಲ, ಕೈಯಿಂದ ಕೈಗೆ ದಾಟಿಸುತ್ತಾ ಇಳಿಸುತ್ತಾರೆ. ಒಮ್ಮೆ ನಾನು ಸೇದುವಾಗ ಹಿಂದಿನಿಂದ ಬಂದು, "ರಟ್ಟೆಯಲ್ಲೇ ಎಳೀಬೇಡ ಮಾರಾಯ್ತಿ, ನಾಳೆ ಕೈ ಎತ್ಲಿಕ್ಕೆ ಆಗುದಿಲ್ಲ" ಅಂದರು. ರಾಟೆಯ ಹಗ್ಗವನ್ನು ಕೆಳಗೆ ಎಳೆಯುವುದು, ಕಂಬಿಗೆ ಜೋತು ಮೈಯನ್ನು ಮೇಲೆ ಎಳೆಯುವುದು, ಎರಡರಲ್ಲೂ ದುಡಿಯುವುದು ಕಂಕುಳಿನಿಂದ ಸೊಂಟದವರೆಗೆ ಹರಡಿದ ಅದೇ ಲ್ಯಾಟ್ಸ್ ಸ್ನಾಯು. ಸ್ವಿಚ್ ಒತ್ತಿದರೆ ಟ್ಯಾಂಕ್ ತುಂಬುವ ನಮ್ಮ ತಲೆಮಾರಿನ ಹೆಂಗಸರ ಬೆನ್ನಿಗೆ ಈ ಕೆಲಸ ಯಾರೂ ಕೊಟ್ಟಿಲ್ಲ. ಅಶಕ್ತರು ಎಂದು ನಮ್ಮನ್ನು ನಾವೇ ಅಂದುಕೊಳ್ಳುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಪಕ್ಕದ ಮನೆಯ ಹುಡುಗಿ ಕೇಳಿದಳು, "ಅಕ್ಕ, ಗಂಡಸರ ಹಾಗೆ ರಟ್ಟೆ ದಪ್ಪ ಆಗುದಿಲ್ವಾ?" ನಮ್ಮ ಜಿಲ್ಲೆಯವರೇ ಆದ, ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ್ ಪೂಜಾರಿಯ ಹೆಸರು ಹೇಳಿದೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು ಬೆಳ್ಳಿ ಗೆದ್ದದ್ದು 56 ಕೆ.ಜಿ. ವಿಭಾಗದಲ್ಲಿ, ಎರಡು ಬಗೆಯಲ್ಲಿ ಎತ್ತಿದ ಭಾರ ಸೇರಿ 249 ಕೆ.ಜಿ. 2022ರಲ್ಲಿ 61 ಕೆ.ಜಿ. ವಿಭಾಗದಲ್ಲಿ ಕಂಚು. ಅಷ್ಟು ಹಗುರ ಮೈಯಲ್ಲಿ ಅಷ್ಟು ಬಲ! ಶುರುವಿನ ತಿಂಗಳುಗಳಲ್ಲಿ ಬಲ ಹೆಚ್ಚುವುದು ಬಹುಪಾಲು ನರಗಳು ಸ್ನಾಯುವನ್ನು ಚೆನ್ನಾಗಿ ಎಬ್ಬಿಸಲು ಕಲಿಯುವುದರಿಂದ, ಗಾತ್ರದಿಂದಲ್ಲ. ಹೆಂಗಸರಿಗೆ ಮೈಯ ಮೇಲ್ಭಾಗದ ಸ್ನಾಯು ಗಂಡಸರಿಗಿಂತ ಕಡಿಮೆ ಇರುವುದು ಹೌದು. ಅದರಿಂದ ಸಮಯ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ರಬ್ಬರ್ ಬ್ಯಾಂಡ್ ಬಗ್ಗೆ ಬಹಳ ಜನ ಕೇಳುತ್ತಾರೆ. ನಾನು ಹೆಚ್ಚು ನೆಚ್ಚುವುದಿಲ್ಲ. ಕೆಳಗಿರುವಾಗ ಅದು ಪೂರ್ತಿ ಎಳೆದುಕೊಂಡು ಜೋರಾಗಿ ಎತ್ತುತ್ತದೆ, ಮೇಲೆ ಹೋದ ಹಾಗೆ ಸಡಿಲವಾಗುತ್ತದೆ. ಗಲ್ಲ ಕಂಬಿಗೆ ತಲುಪುವ ಕೊನೆಯ ಗೇಣಿನಲ್ಲಿ ಸಿಕ್ಕಿಕೊಳ್ಳುವವರಿಗೆ ಅದರ ಸಹಾಯ ಅಲ್ಲೇ ಕಡಿಮೆ. ಅದಕ್ಕಿಂತ ಸೊಂಟದೆತ್ತರಕ್ಕೆ ಇನ್ನೊಂದು ಪೈಪ್ ಇದ್ದರೆ, ಅದರ ಕೆಳಗೆ ಅಂಗಾತ ಚಾಚಿ, ಹಿಮ್ಮಡಿ ನೆಲಕ್ಕೆ ಊರಿ, ಎದೆಯನ್ನು ಪೈಪಿಗೆ ಎಳೆಯುವುದು ಒಳ್ಳೆಯದು.

ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು. ಇಳಿಯುವ ಅಭ್ಯಾಸ ಸ್ನಾಯುವನ್ನು ಚೆನ್ನಾಗಿ ನೋಯಿಸುತ್ತದೆ, ಎರಡನೆಯ ದಿನವೇ ನೋವು ಜಾಸ್ತಿ. ಅದು ಸಹಜ. ಮೊಣಕೈಯ ಒಳಬದಿಯ ಎಲುಬಿನ ಹತ್ತಿರ ಚುಚ್ಚುವ ನೋವು ಬಂದರೆ ಮಾತ್ರ ಕೂಡಲೇ ಕಡಿಮೆ ಮಾಡಿ. ಕೈ ನೆಟ್ಟಗೆ ತಲೆಯ ಮೇಲೆ ಹೋಗದಿದ್ದರೆ, ಅದರಲ್ಲೂ ಹೆಗಲು ಬಿಗಿದುಕೊಳ್ಳುವ ಸಾಧ್ಯತೆ ಹೆಚ್ಚಿರುವ ಸಕ್ಕರೆ ಕಾಯಿಲೆಯವರು, ಕಂಬಿ ಮುಟ್ಟುವ ಮೊದಲು ಫಿಸಿಯೋಥೆರಪಿಯವರನ್ನು ಕಾಣಲೇಬೇಕು.

ಊಟದ ವಿಷಯದಲ್ಲಿ ನಮ್ಮೂರಿನವರಿಗೆ ಡಬ್ಬದ ಪ್ರೋಟೀನ್ ಪುಡಿ ಬೇಕಾಗಿಯೇ ಇಲ್ಲ. ಬಂಗುಡೆ, ಬೂತಾಯಿ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಕಾಲದಲ್ಲಿ ಮೀನಿನ ಬೆಲೆ ಏರುತ್ತದೆ, ಆಗ ಮೊಟ್ಟೆ, ಹುರುಳಿ ಸಾರು, ಹೆಸರುಕಾಳಿನ ಗಸಿ.

ಮೊದಲ ಪುಲ್-ಅಪ್‌ಗೆ ಅಂಗೈ ನಿಮ್ಮ ಕಡೆ ತಿರುಗಿಸಿ ಹಿಡಿಯಿರಿ. ತೋಳಿನ ಮುಂದಿನ ಸ್ನಾಯು ಹೆಚ್ಚು ಜೊತೆ ಕೊಡುವುದರಿಂದ ಆ ಹಿಡಿತ ಸುಲಭ, ಅದಕ್ಕೆ ಚಿನ್-ಅಪ್ ಎಂದು ಹೆಸರು. ನನಗೂ ಅದೇ ಮೊದಲು ಒದಗಿತು, ಅಂಗೈ ಆಚೆ ಮಾಡಿ ಹಿಡಿಯುವುದು ಆಮೇಲೆ. ಈಗ ನಾನು ಒಂದೊಂದೇ ಮಾಡಿ, ನಡುವೆ ದೋಸೆ ಹಿಟ್ಟು ಕಲಸುವುದೋ ಬಟ್ಟೆ ಒಣಗಿಸುವುದೋ ಮುಗಿಸಿ, ಮತ್ತೆ ಹಟ್ಟಿಗೆ ಹೋಗುತ್ತೇನೆ. ಬಿಡದೆ ಒಟ್ಟಿಗೆ ಮೂರು ಬರಬೇಕು ಅನ್ನುವ ಆಸೆ ಇದೆ. ನೆಗೆಟಿವ್ ಇನ್ನೂ ನಿಲ್ಲಿಸಿಲ್ಲ, ಐದು ಸೆಕೆಂಡ್ ಈಗ ಎಂಟಾಗಿದೆ.