ಬ್ರೆಡ್ ಮೇಕರ್‌ನಲ್ಲಿ ಕಣಕ: ಏಳನೇ ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ

ಬ್ರೆಡ್ ಮೇಕರ್‌ನ ನಿಜವಾದ ಉಪಯೋಗ ಕಣಕ ನಾದುವುದರಲ್ಲಿದೆ. ನಾದಿ ಉಬ್ಬಿಸುವಷ್ಟನ್ನು ಅದಕ್ಕೆ ಬಿಟ್ಟು, ಪಾವ್ ಕಟ್ಟಿ ಓವನ್‌ನಲ್ಲಿ ಬೇಯಿಸಿದರೆ ರುಚಿಯೂ ಆಕಾರವೂ ಚೆನ್ನ. ನಾದಿ ಉಬ್ಬಿಸಿ ನಿಲ್ಲುವ ‘ಡೋ’ ಪ್ರೋಗ್ರಾಂ ಹೆಚ್ಚಿನ ಮೆಷಿನ್‌ಗಳಲ್ಲಿ ಒಂದೂವರೆ ತಾಸಿನದು.

16 ಪಾವ್‌ಗೆ 500 ಗ್ರಾಂ ಮೈದಾ, 310 ಎಂಎಲ್ ನೀರು, 25 ಗ್ರಾಂ ಬೆಣ್ಣೆ, 20 ಗ್ರಾಂ ಸಕ್ಕರೆ, 9 ಗ್ರಾಂ ಉಪ್ಪು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ಎಲ್ಲವನ್ನೂ ತೂಗಿಯೇ ಹಾಕಿ. ಒತ್ತಿ ತುಂಬಿದ ಬಟ್ಟಲಿಗೂ ಸಡಿಲ ಬಟ್ಟಲಿಗೂ ಹಿಟ್ಟಿನ ತೂಕ ಬಹಳ ಬೇರೆ. ಮೊದಲು ನೀರು, ಉಪ್ಪು, ಸಕ್ಕರೆ, ಬೆಣ್ಣೆ, ಮೇಲೆ ಹಿಟ್ಟು, ಕೊನೆಗೆ ಯೀಸ್ಟ್.

ಏಳೆಂಟು ನಿಮಿಷ ನಾದಿದ ಮೇಲೆ ಮುಚ್ಚಳ ತೆಗೆಯಿರಿ. ಪಾತ್ರೆಯ ಗೋಡೆ ಸ್ವಚ್ಛವಾಗಿ, ಮೆತ್ತನೆ ಉಂಡೆ ಸುತ್ತುತ್ತಿದ್ದರೆ ಹದ ಸರಿ. ಗೋಡೆಗೆ ಬಳಿದುಕೊಂಡಿದ್ದರೆ ಒಂದು ಚಮಚ ಹಿಟ್ಟು. ಉಂಡೆ ಬಿರಿದು ಮೋಟರ್ ನರಳುತ್ತಿದ್ದರೆ ಒಂದು ಚಮಚ ನೀರು. ಒಂದು ನಿಮಿಷ ಬಿಟ್ಟು ನೋಡಿ, ಆಮೇಲೆ ಬೇಕಿದ್ದರಷ್ಟೇ ಇನ್ನೊಂದು. ಇದೊಂದು ನೋಟ ತಪ್ಪಿದರೆ ಮುಂದಿನ ಒಂದು ತಾಸು ವ್ಯರ್ಥ.

ಇಲ್ಲಿಯ ಹವೆ ಲೆಕ್ಕ ತಪ್ಪಿಸುತ್ತದೆ. ಧಾರವಾಡದ ಮಳೆಗಾಲದಲ್ಲಿ ಹಿಟ್ಟು ತೇವ ಹಿಡಿದಿರುತ್ತದೆ, ನೀರು 10-15 ಎಂಎಲ್ ಕಡಿಮೆ ಸಾಕು. ಹುಬ್ಬಳ್ಳಿಯ ಏಪ್ರಿಲ್-ಮೇ ಬಿಸಿಲಿನಲ್ಲಿ ಸಮಸ್ಯೆ ಬೇರೆಯದು: ನಾದುವ ತಿಕ್ಕಾಟಕ್ಕೇ ಕಣಕ ಬಿಸಿಯಾಗುತ್ತದೆ, ಯೀಸ್ಟ್ ಅವಸರ ಮಾಡುತ್ತದೆ, ಕಣಕ ಅತಿಯಾಗಿ ಉಬ್ಬಿ ನಡುವೆ ಕುಸಿದು ಹುಳಿ ವಾಸನೆ ಬರುತ್ತದೆ. ಆಗ ಫ್ರಿಜ್ ನೀರು, 4 ಗ್ರಾಂ ಯೀಸ್ಟ್ ಹಾಕಿ, ಎರಡು ಪಟ್ಟಾದ ಕೂಡಲೇ ಹೊರಗೆ ತೆಗೆಯಿರಿ. ಮೆಷಿನ್ ಬೀಪ್ ಮಾಡುವವರೆಗೆ ಕಾಯಬೇಡಿ.

ಗಿರಣಿಯ ಗೋಧಿ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ: 500 ಗ್ರಾಂಗೆ 350 ಎಂಎಲ್‌ನಿಂದ ಶುರು ಮಾಡಿ. ಮೂರು ನಿಮಿಷ ಕಲಸಿ, ನಿಲ್ಲಿಸಿ, 20 ನಿಮಿಷ ನೆನೆಯಲು ಬಿಟ್ಟು ಮತ್ತೆ ಮೊದಲಿನಿಂದ ಓಡಿಸಿ. ಜವೆಗೋಧಿಯ ಜಿಗುಟು ದುರ್ಬಲ, ಅರ್ಧ ಮೈದಾ ಬೇಕು. ಜೋಳದ ಹಿಟ್ಟಿಗೆ ಜಿಗುಟೇ ಇಲ್ಲ. 500ರಲ್ಲಿ 50 ಗ್ರಾಂ ಮೀರಬೇಡಿ.

ಹೋಳಿಗೆಯ ಕಣಕಕ್ಕೂ ಇದು ಒಳ್ಳೆಯದು. ಯೀಸ್ಟ್ ಬೇಡ, ನಾದುವುದು ಮುಗಿದೊಡನೆ ನಿಲ್ಲಿಸಿ ಎಣ್ಣೆ ಹಚ್ಚಿಡಿ. ಹಿಟ್ಟು 250 ಗ್ರಾಂಗಿಂತ ಕಡಿಮೆಯಿದ್ದರೆ ಪಾತ್ರೆಯ ತಳದಲ್ಲಿ ತಿರುಗಿ ನಾದುವ ರೆಕ್ಕೆಗೆ ಸರಿಯಾಗಿ ಸಿಗುವುದಿಲ್ಲ.

ಉಬ್ಬುವಾಗ ಕರೆಂಟ್ ಹೋದರೆ ಗಾಬರಿ ಬೇಡ, ಮುಚ್ಚಳ ತೆಗೆಯದೆ ಹಾಗೇ ಬಿಡಿ. ಪಾವ್ ಕಟ್ಟುವ ಮೊದಲು ಕಣಕದೊಳಗೆ ರೆಕ್ಕೆ ಉಳಿದಿದೆಯೇ ನೋಡಿ. ತೊಳೆಯುವಾಗ ಪಾತ್ರೆಯೊಳಗೆ ನೀರು ಹಾಕಿ ನೆನೆಸಿ. ಪಾತ್ರೆಯನ್ನೇ ಮುಳುಗಿಸಿದರೆ ಅಡಿಯ ಬೇರಿಂಗ್ ಕೆಡುತ್ತದೆ.