ಒಂದು ಎಲೆ, ಮೂರು ಕೆಂಪು

ಆಷಾಢದ ಒಂದು ಭಾನುವಾರ, ಶಿರಸಿ ಪಕ್ಕದ ಹಳ್ಳಿಮನೆಯಲ್ಲಿ ಹನ್ನೆರಡು ಜನರ ಊಟ. ಏನು ಅಡುಗೆ ಎಂದು ಮಾತಾಡುವ ಮೊದಲು, ಮನೆಯಲ್ಲಿದ್ದ ತರಕಾರಿಯನ್ನೆಲ್ಲ ಒಂದು ಬಾಳೆಲೆಯ ಮೇಲೆ ಹರಡಿ ನೋಡಿದ್ದಾಯಿತು. ಬೇಸಿಗೆಯಲ್ಲಿ ಕೊಯ್ದು ಜಂತಿಗೆ ತೂಗುಹಾಕಿದ್ದ ಮೊಗೆಕಾಯಿ (ಮಂಗಳೂರು ಸೌತೆ), ಹಿತ್ತಲಿನ ಕೆಂಪು ಹರಿವೆ, ತೋಟದ ಅಂಚಿನ ಒಂದೆಲಗ, ಒಂದು ಬಾಳೆ ಹೂವು, ಪೇಟೆಯಿಂದ ತಂದ ಬೀಟ್‌ರೂಟ್, ಡಬ್ಬದಲ್ಲಿದ್ದ ಒಣ ಮುರುಗಲ (ಕೋಕಂ) ಸಿಪ್ಪೆ, ಕಾರವಾರದ ಗೆಳತಿ ತಂದ ಬ್ಯಾಡಗಿ ಮೆಣಸು.

ಹಸಿಯಲ್ಲಿ ಎಲ್ಲವೂ ಚೆಂದ. ಬೆಂದ ಮೇಲೆ ಅರ್ಧಕ್ಕರ್ಧ ಕಂದುಬಣ್ಣಕ್ಕೆ ತಿರುಗುವುದೇ ತಲೆನೋವು. ನಮ್ಮ ಕಡೆ ಇದರಲ್ಲಿ ಹುಳಿಯ ಕೈವಾಡ ದೊಡ್ಡದು. ಮಜ್ಜಿಗೆ, ಮುರುಗಲು, ವಾಟೆ, ಅಪ್ಪೆಮಿಡಿ, ಹುಣಸೆ ಎಂದು ಹುಳಿಯಿಲ್ಲದ ಪದಾರ್ಥ ಎಲೆಯ ಮೇಲೆ ಎರಡು ಸಿಕ್ಕರೆ ಹೆಚ್ಚು. ಹಾಗಾಗಿ ಬಣ್ಣ ನೋಡಿ ಅಡುಗೆ ಹೂಡುವವರು ಯಾವುದಕ್ಕೆ ಹುಳಿ ಮೊದಲು, ಯಾವುದಕ್ಕೆ ಕೊನೆಗೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬೀಟ್‌ರೂಟ್ ರಸ ಸುರಿದು ದೋಸೆ, ಅನ್ನ, ಚಪಾತಿ ಎಲ್ಲವನ್ನೂ ಗುಲಾಬಿ ಮಾಡುವುದು ಬೇರೆ ಕಸುಬು, ಅದಕ್ಕೆ ಸುಣ್ಣಬಣ್ಣದವರೇ ಸಾಕು.

ಎಲೆಯ ಮೇಲೆ ಕೆಂಪು ಮೂರು ಬಗೆಯಲ್ಲಿ ಬಂದಿತ್ತು. ನೋಡಲು ಅಣ್ಣತಮ್ಮಂದಿರಂತಿದ್ದರೂ ಸ್ವಭಾವ ಪೂರ್ತಿ ಬೇರೆ. ಮೂರು ಸ್ಟೀಲ್ ಲೋಟದಲ್ಲಿ ಪರೀಕ್ಷೆ ಮಾಡಬಹುದು. ಒಂದರಲ್ಲಿ ಹರಿವೆ ಕುದಿಸಿದ ನೀರು, ಒಂದರಲ್ಲಿ ಮುರುಗಲ ನೀರು, ಇನ್ನೊಂದರಲ್ಲಿ ನೀರು ಬೆರೆಸಿದ ಬ್ಯಾಡಗಿ ಪುಡಿ. ಮುರುಗಲಿಗೆ ಅಡುಗೆಸೋಡಾ ಹಾಕುತ್ತ ಹೋದರೆ ನೊರೆ ಉಕ್ಕಿ ಇಳಿದು, ಕೆಂಪು ಹೋಗಿ ಕೆಸರುಗಟ್ಟಿದ ನೀಲಿ-ಬೂದು ಬರುತ್ತದೆ. ಅದು ಆಂಥೋಸಯಾನಿನ್ ಎಂಬ ಬಣ್ಣ, ಹುಳಿ ಇದ್ದಷ್ಟು ಹೊತ್ತು ಮಾತ್ರ ಕೆಂಪು. ಹರಿವೆ ನೀರು ಚಿಟಿಕೆ ಸೋಡಾಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ, ಬೀಟ್‌ರೂಟಿನಂತೆ ಅದು ಬೀಟಲೇನ್ ಜಾತಿಯ ಬಣ್ಣ. ಅದರ ಶತ್ರು ಬಿಸಿ. ಮೆಣಸಿನ ಕೆಂಪು ನೀರಿಗೆ ಬಿಟ್ಟುಕೊಡುವುದೇ ಇಲ್ಲ. ಒಂದು ಚಮಚ ಬಿಸಿ ಎಣ್ಣೆ ಹಾಕಿ ಕದಡಿದರೆ ಬಣ್ಣವೆಲ್ಲ ಎಣ್ಣೆಗೆ ಏರಿ ಮೇಲೆ ತೇಲುತ್ತದೆ.

ಅಡುಗೆಯ ಕ್ರಮ ಇದರಿಂದಲೇ ತೀರ್ಮಾನವಾಯಿತು. ಮೆಣಸಿನ ಪದಾರ್ಥವನ್ನು ಬೆಳಿಗ್ಗೆಯೇ ಮಾಡಿಟ್ಟರೂ ನಡೆಯುತ್ತದೆ. ಗೆಳತಿಯ ಪಾಲಿಗೆ ಬಂದದ್ದು ಕೊಂಕಣಿ ಮನೆಗಳ ಬಟಾಟೆ ಸಾಂಗ. ಮುಕ್ಕಾಲು ಕಿಲೋ ಬಟಾಟೆ ಬೇಯಿಸಿ ಹೋಳು ಮಾಡಿಕೊಂಡು, 15 ಬ್ಯಾಡಗಿ ಮೆಣಸನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಚಿಕ್ಕ ನಿಂಬೆ ಗಾತ್ರದ ಹುಣಸೆಯೊಂದಿಗೆ ನುಣ್ಣಗೆ ರುಬ್ಬಬೇಕು. ತರಿ ಉಳಿದರೆ ಖಾರ ಬರುತ್ತದೆ, ಬಣ್ಣ ಬರುವುದಿಲ್ಲ. ನಾಲ್ಕು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ನಾಲ್ಕು ಈರುಳ್ಳಿ ಹೊಂಬಣ್ಣಕ್ಕೆ ಬಂದ ಮೇಲೆ ಉರಿ ತಗ್ಗಿಸಿ ರುಬ್ಬಿದ್ದನ್ನು ಹಾಕಿ, ಅಂಚಿನಲ್ಲಿ ಕೆಂಪೆಣ್ಣೆ ಬಿಡುವವರೆಗೆ ಕೈಯಾಡಿಸುವುದು. ಇಲ್ಲಿ ಉರಿ ಜೋರಾದರೆ ಎರಡೇ ನಿಮಿಷದಲ್ಲಿ ಮಸಾಲೆ ಇಟ್ಟಿಗೆಪುಡಿಯಂತಾಗಿ ಕಹಿ ಹಿಡಿಯುತ್ತದೆ. ಹುಣಸೆಯಿಂದ ಈ ಕೆಂಪಿಗೆ ಏನೂ ಧಕ್ಕೆಯಿಲ್ಲ.

ಮುರುಗಲು ಬೆಂಕಿಯ ಹತ್ತಿರ ಹೋಗಲೇ ಇಲ್ಲ. 25 ಸಿಪ್ಪೆಯನ್ನು ನಾಲ್ಕು ಲೋಟ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ, ಮೂರು ಲೋಟ ಕಾಯಿಹಾಲು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು ಸೇರಿಸಿದರೆ ಕಾರವಾರದ ಸೋಲ್ ಕಡಿ. ಕುದಿಸಿದರೆ ಕಾಯಿಹಾಲು ಒಡೆಯುತ್ತದೆ. ಕಾಯಿಹಾಲು ಹೆಚ್ಚಾದರೆ ಗುಲಾಬಿ ಹೋಗಿ ಬಾಡಿದ ನೇರಳೆಯಾಗುತ್ತದೆ, ಆಗ ಇನ್ನೊಂದು ಹಿಡಿ ಮುರುಗಲು ಹಿಂಡಬೇಕು. ಸಿಪ್ಪೆ ಹಳತಾಗಿ ಕಂದಿದ್ದರೆ ಎಷ್ಟು ಹಿಂಡಿದರೂ ಹುಳಿ ಬಂದೀತು, ಬಣ್ಣ ಬಾರದು.

ಹರಿವೆಗೆ ಎಲ್ಲಕ್ಕಿಂತ ಹೆಚ್ಚು ಮುತುವರ್ಜಿ ಬೇಕು. ಎರಡು ದೊಡ್ಡ ಕಟ್ಟು ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಬಣ್ಣ ಬಚ್ಚಲಿಗೆ. ಕಬ್ಬಿಣದ ಬಾಣಲೆ ಬೇಡ, ಕಬ್ಬಿಣ ಸೇರಿದರೆ ಈ ಬಣ್ಣ ಬೇಗ ಕೆಡುತ್ತದೆ. ಅರಿಶಿನವೂ ಬೇಡ. ಒಗ್ಗರಣೆಗೆ ದಂಟು ಮೊದಲು ಹಾಕಿ ಮೂರು ನಿಮಿಷ, ಸೊಪ್ಪು ಹಾಕಿ ನಾಲ್ಕು ನಿಮಿಷ, ನೀರು ಹನಿಯೂ ಬೇಡ. ಇಳಿಸಿ ಅರ್ಧ ಚಮಚ ಲಿಂಬೆರಸ ಬೆರೆಸಿದರೆ ಕೆಂಪು ನಿಲ್ಲುತ್ತದೆ. ಹರಿವೆಯ ಒಳಗೆ ಹಸಿರೂ ಅಡಗಿರುತ್ತದೆ, ಹೆಚ್ಚು ಬೆಂದರೆ ಕೆಂಪು ಕರಗಿ ಹಸಿರು ಕಂದಿ, ಎರಡೂ ಸೇರಿ ಕೊಚ್ಚೆಯ ಬಣ್ಣ. ಬೀಟ್‌ರೂಟ್ ಸುಲಭ. ಒಂದಿಂಚು ತೊಟ್ಟು ಉಳಿಸಿ, ಸಿಪ್ಪೆ ಸಮೇತ ಇಡಿಯಾಗಿ ಕುಕ್ಕರಿನಲ್ಲಿ ಬೇಯಿಸಿ, ತಣಿದ ಮೇಲೆ ತುರಿದು, ಕಾಯಿ-ಸಾಸಿವೆ ರುಬ್ಬಿ ಮೊಸರು ಬೆರೆಸಿದರೆ ಸಾಸಿವೆ ಎಂದೇ ಕರೆಯುವ ಪದಾರ್ಥ ತಯಾರು.

ಬಾಳೆ ಹೂವನ್ನು ಎಣ್ಣೆ ಸವರಿದ ಕೈಯಲ್ಲಿ, ಸ್ಟೀಲ್ ಚಾಕುವಿನಿಂದ ಹೆಚ್ಚಿ ನೇರ ಮಜ್ಜಿಗೆ ನೀರಿಗೆ ಹಾಕಿದ್ದು. ಹಳೆಯ ಕಬ್ಬಿಣದ ಮೆಟ್ಟುಗತ್ತಿಯಲ್ಲಿ ಹೆಚ್ಚಿದರೆ ಅದರ ಒಗರು ಕಬ್ಬಿಣಕ್ಕೆ ಸೇರಿ ಮಸಿಯಾಗುತ್ತದೆ.

ಎಡವಟ್ಟಾದದ್ದು ಮೊಗೆಕಾಯಿ ಹುಳಿಯಲ್ಲಿ. ಬೇಳೆ ಹಳತು, ಬೇಯುತ್ತಿಲ್ಲವೆಂದು ಯಾರೋ ಚಿಟಿಕೆ ಸೋಡಾ ಎನ್ನುತ್ತ ಅರ್ಧ ಚಮಚವೇ ಹಾಕಿದ್ದರು. ಅರಿಶಿನ ಆಗಲೇ ಬಿದ್ದಿತ್ತು. ಕುಕ್ಕರ್ ಮುಚ್ಚಳ ತೆಗೆದರೆ ಹಳದಿ ಬೇಳೆಯ ಜಾಗದಲ್ಲಿ ಕೆಂಪುಮಣ್ಣಿನ ಬಣ್ಣ.

"ಅತ್ತಿಗೆ, ಇದೆಂತ, ಆರತಿ ನೀರಾಂಗೆ ಆಯ್ದಲೇ!"

ಆರತಿ ನೀರೇ ಅದು. ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ಮಾಡುವುದು ನಮಗೆಲ್ಲ ಗೊತ್ತು, ಸೋಡಾ ಮಾಡುವುದೂ ಅದೇ ಕೆಲಸ. ಚೆಲ್ಲಬೇಕಿಲ್ಲ. ಹುಣಸೆರಸವನ್ನು ಎರಡೆರಡೇ ಚಮಚ ಹಾಕಿ ಕದಡುತ್ತ ಬಂದರೆ ನೊರೆ ಎದ್ದು, ಹಳದಿ ವಾಪಸಾಗುತ್ತದೆ. ಹೋಳು ಅದರಲ್ಲಿ ಬೇಯುವ ಮೊದಲೇ ಇದು ಆಗಬೇಕು, ಸೋಡಾದಲ್ಲಿ ಬೆಂದ ಮೊಗೆಕಾಯಿ ಗಂಜಿಯಾಗುತ್ತದೆ. ಬಣ್ಣ ಸರಿಹೋಯಿತು, ರುಚಿಯಲ್ಲಿ ಮಾತ್ರ ಸೋಡಾದ ಚೌಳು ಸ್ವಲ್ಪ ಉಳಿಯಿತು. ಒಂದು ಅಚ್ಚು ಬೆಲ್ಲವೂ ಅದನ್ನು ಪೂರ್ತಿ ಮುಚ್ಚಲಿಲ್ಲ.

ಹಸಿರಿನ ಕೆಲಸ, ಅಂದರೆ ಒಂದೆಲಗದ ತಂಬುಳಿ, ಕಟ್ಟಕಡೆಗೆ, ಎಲೆ ಹಾಕುವ ಹೊತ್ತಿಗೆ. ಎರಡು ಹಿಡಿ ಒಂದೆಲಗವನ್ನು ತುಪ್ಪದಲ್ಲಿ ಜೀರಿಗೆ, ಎಂಟು ಕಾಳುಮೆಣಸಿನ ಜೊತೆ ಬರೀ ಅರ್ಧ ನಿಮಿಷ ಬಾಡಿಸಬೇಕು. ಅಷ್ಟರಲ್ಲಿ ಹಸಿರು ಇನ್ನೂ ಹೊಳೆಯುತ್ತದೆ, ಅದನ್ನು ದಾಟಿದರೆ ಮಂಕಾಗುತ್ತದೆ. ಪೂರ್ತಿ ತಣಿದ ಮೇಲೆ ಒಂದು ಲೋಟ ಕಾಯಿತುರಿಯೊಂದಿಗೆ ನೀರಿನಲ್ಲೇ ರುಬ್ಬಿ ಬೇರೆ ಇಟ್ಟುಕೊಳ್ಳುವುದು. ಮಜ್ಜಿಗೆ ಬೆರೆಸುವುದು ಬಡಿಸಲು ಸೌಟು ಕೈಗೆ ಬಂದಾಗ. ಹುಳಿ ತಾಗಿದ ಗಳಿಗೆಯಿಂದ ಸೊಪ್ಪಿನ ಹರಿತ್ತಿನ ಒಳಗಿನ ಮೆಗ್ನೀಸಿಯಂ ಬಿಟ್ಟುಹೋಗಲು ಶುರು, ಬಣ್ಣ ಕಂದುಹಸಿರಿಗೆ ಇಳಿಯತೊಡಗುತ್ತದೆ. ಬೆಳಿಗ್ಗೆಯೇ ಕಲಸಿಟ್ಟ ತಂಬುಳಿ ಮಧ್ಯಾಹ್ನ ಮಂಕಾಗಿರುವುದಕ್ಕೆ ಇದೇ ಕಾರಣ.

ರಾತ್ರಿ ಉಳಿದದ್ದರ ಮುಚ್ಚಳ ತೆಗೆದರೆ ತಂಬುಳಿ ಸಗಣಿ ಸಾರಿಸಿದ ಅಂಗಳದ ಬಣ್ಣಕ್ಕೆ ಬಂದಿತ್ತು. ಮತ್ತೆ ಬಿಸಿ ಮಾಡಿದ ಹರಿವೆ ಪಲ್ಯ ಕಂದಾಗಿತ್ತು. ಸೋಲ್ ಕಡಿಯಲ್ಲಿ ಕಾಯಿಹಾಲು ಮೇಲೆ ಬಂದು ಕೆಂಪು ತಳದಲ್ಲಿತ್ತು, ಕದಡಿದರೆ ಸರಿಯಾಯಿತು. ಸಾಂಗ ಮಾತ್ರ ಬೆಳಿಗ್ಗೆಗಿಂತ ಒಂದು ಪಟ್ಟು ಕೆಂಪಾಗಿ, ತಟ್ಟೆಯ ಅಂಚಿಗೆ ಎಣ್ಣೆ ಬಿಟ್ಟುಕೊಂಡು ಕೂತಿತ್ತು.